ನಕ್ಷೆ ಯಾರ ಕೈಯಲ್ಲಿದೆ? ಬಯಲುಸೀಮೆಯಿಂದ ಯುದ್ಧನೌಕೆಯನ್ನು ನೋಡುವಾಗ

2023ರ ಜೂನ್ 16ರಂದು ಬೆಳಿಗ್ಗೆ 7 ಗಂಟೆ 35 ನಿಮಿಷಕ್ಕೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ ಇರುವ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ನೆಲೆಯಿಂದ ತಪಸ್ ಎಂಬ ಮಾನವರಹಿತ ವಿಮಾನವೊಂದು ಮೇಲೇರಿತು. ಅಲ್ಲಿಂದ ಕಾರವಾರದ ನೌಕಾನೆಲೆಗೆ 285 ಕಿ.ಮೀ. ದೂರ. ವಿಮಾನ 20,000 ಅಡಿ ಎತ್ತರದಲ್ಲಿ ಹಾರುತ್ತಿದ್ದಾಗಲೇ ಅದರ ಲಗಾಮು ಕೈ ಬದಲಾಯಿಸಿತು. ಅಲ್ಲಿಯವರೆಗೆ ಅದನ್ನು ನಡೆಸುತ್ತಿದ್ದದ್ದು ನೆಲದ ಮೇಲಿನ ನಿಯಂತ್ರಣ ಕೇಂದ್ರ. ಆಮೇಲೆ ಸುಮಾರು 40 ನಿಮಿಷ ನಡೆಸಿದವರು ಕಾರವಾರದಿಂದ 148 ಕಿ.ಮೀ. ಆಚೆ ಕಡಲಿನಲ್ಲಿದ್ದ ಐಎನ್‌ಎಸ್ ಸುಭದ್ರಾ ನೌಕೆಯ ಸಿಬ್ಬಂದಿ. ಮೂರೂವರೆ ಗಂಟೆಯ ಹಾರಾಟ ಮುಗಿಸಿ ತಪಸ್ ಮತ್ತೆ ಚಳ್ಳಕೆರೆಯ ಬಯಲಿನಲ್ಲೇ ಇಳಿಯಿತು.

ಚಿತ್ರದುರ್ಗ, ದಾವಣಗೆರೆಯವರಿಗೆ ಕಡಲು ದೂರದ ಮಾತು. ನಮ್ಮ ಕಡೆ ದೊಡ್ಡ ನೀರು ಎಂದರೆ ವಾಣಿವಿಲಾಸ ಸಾಗರ, ಸೂಳೆಕೆರೆ. ಆದರೆ ಯುದ್ಧನೌಕೆಯೊಂದು ಕಡಲತೀರದಲ್ಲಿ ಹುಟ್ಟುವುದಿಲ್ಲ. ಅದರ ಉಕ್ಕು ಬೊಕಾರೊ, ಭಿಲಾಯಿ, ರೂರ್ಕೆಲಾದ ಕುಲುಮೆಗಳಲ್ಲಿ ಕರಗುತ್ತದೆ, ಎಲೆಕ್ಟ್ರಾನಿಕ್ ಉಪಕರಣಗಳು ಬೆಂಗಳೂರಿನಲ್ಲಿ, ಫಿರಂಗಿ ಹರಿದ್ವಾರದಲ್ಲಿ ತಯಾರಾಗುತ್ತವೆ, ನಕ್ಷೆ ದೆಹಲಿಯಲ್ಲಿ ರೂಪುಗೊಳ್ಳುತ್ತದೆ. ಕೊಚ್ಚಿ, ಮುಂಬೈ, ಕೋಲ್ಕತ್ತದ ಹಡಗುಕಟ್ಟೆಗಳಲ್ಲಿ ಇವೆಲ್ಲ ಒಂದಾಗುತ್ತವೆ. ಹೊಸ ನೌಕೆ ಸೇವೆಗೆ ಸೇರಿದ ದಿನ ಪತ್ರಿಕೆಗಳಲ್ಲಿ ‘ಶೇ 75ರಷ್ಟು ಸ್ವದೇಶಿ’ ಎಂಬ ಸಾಲು ತಪ್ಪದೇ ಇರುತ್ತದೆ. ಅದನ್ನು ಓದಿದಾಗ ನನಗೆ ಹೆಮ್ಮೆಯಾಗುತ್ತದೆ. ಆದರೆ ಶೇಕಡಾವಾರಿಗಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ: ಆ ಹಡಗಿನ ನಕ್ಷೆ ಯಾರ ಕೈಯಲ್ಲಿದೆ? ಇಪ್ಪತ್ತು ವರ್ಷಗಳ ನಂತರ ಅದಕ್ಕೆ ಹೊಸ ಕ್ಷಿಪಣಿ ಕೂರಿಸಬೇಕಾದರೆ ಯಾರನ್ನು ಕೇಳಬೇಕು?

ಮೊದಲು ತೇಲುವುದು ಕಾಗದದ ಮೇಲೆ

ಸ್ವತಂತ್ರ ಭಾರತ ಕಟ್ಟಿದ ಮೊದಲ ಯುದ್ಧನೌಕೆ ಐಎನ್‌ಎಸ್ ಅಜಯ್. ಕೋಲ್ಕತ್ತದ ಗಾರ್ಡನ್ ರೀಚ್ ಹಡಗುಕಟ್ಟೆ 1961ರಲ್ಲಿ ನೌಕಾಪಡೆಗೆ ಒಪ್ಪಿಸಿದ ಚಿಕ್ಕ ಗಸ್ತು ನೌಕೆ ಅದು. 1964ರಲ್ಲಿ ನೌಕಾಪಡೆ ತನ್ನದೇ ಆದ ವಿನ್ಯಾಸ ಕಚೇರಿಯೊಂದನ್ನು ತೆರೆಯಿತು. 1970ರಲ್ಲಿ ಅದು ನೌಕಾ ವಿನ್ಯಾಸ ನಿರ್ದೇಶನಾಲಯವಾಯಿತು. ಇಂದಿನ ವಾರ್‌ಶಿಪ್ ಡಿಸೈನ್ ಬ್ಯೂರೊದ ಮೂಲ ಇದೇ. ಜಗತ್ತಿನಲ್ಲಿ ಹೆಚ್ಚಿನ ನೌಕಾಪಡೆಗಳು ವಿನ್ಯಾಸವನ್ನು ಕಂಪನಿಗಳಿಗೆ ಬಿಟ್ಟುಕೊಟ್ಟಿರುವಾಗ ನಮ್ಮ ನೌಕಾಪಡೆ ಸಮವಸ್ತ್ರ ತೊಟ್ಟ ಎಂಜಿನಿಯರುಗಳನ್ನೇ ವಿನ್ಯಾಸಕ್ಕೆ ಕೂರಿಸಿತು. ದೂರದೃಷ್ಟಿಯ ನಿರ್ಧಾರ ಎಂದರೆ ಇದು.

1972ರಲ್ಲಿ ಸೇವೆಗೆ ಸೇರಿದ ಐಎನ್‌ಎಸ್ ನೀಲಗಿರಿಯನ್ನು ಮುಂಬೈನ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದರೂ ನಕ್ಷೆ ಬ್ರಿಟನ್ನಿನ ಲಿಯಾಂಡರ್ ಮಾದರಿಯದ್ದು. ಬೇರೆಯವರ ನಕ್ಷೆಯಿಂದ ಕಟ್ಟಿದರೆ ಕೈ ಪಳಗುತ್ತದೆ, ಕೈ ಬಿಡುಗಡೆಯಾಗುವುದಿಲ್ಲ. 1983ರ ಡಿಸೆಂಬರ್‌ನಲ್ಲಿ ಬಂದ ಐಎನ್‌ಎಸ್ ಗೋದಾವರಿ ಆ ಬಿಡುಗಡೆಯ ಮೊದಲ ಹೆಜ್ಜೆ. ಲಿಯಾಂಡರ್‌ನ ಹಬೆ ಯಂತ್ರಗಳನ್ನೇ ಉಳಿಸಿಕೊಂಡು ನಮ್ಮವರು ಇನ್ನೂ ದೊಡ್ಡ ಒಡಲನ್ನು ಬರೆದರು. ಸೋವಿಯತ್ ಕ್ಷಿಪಣಿ, ಯುರೋಪಿನ ಎಲೆಕ್ಟ್ರಾನಿಕ್ಸ್, ಎರಡು ಸೀ ಕಿಂಗ್ ಹೆಲಿಕಾಪ್ಟರ್‌ಗಳು ಒಂದೇ ಹಡಗಿನಲ್ಲಿ ಕೂತವು. ಪರಸ್ಪರ ಹಗೆಯಲ್ಲಿದ್ದ ಎರಡು ಬಣಗಳ ಯಂತ್ರಗಳನ್ನು ಒಂದೇ ಒಡಲಿನಲ್ಲಿ ದುಡಿಸುವ ವಿದ್ಯೆಯನ್ನು ಆಗ ನಮಗೆ ಕಲಿಸುವವರು ಯಾರೂ ಇರಲಿಲ್ಲ, ನಾವೇ ಕಲಿತೆವು.

ಹಡಗಿನ ವಿನ್ಯಾಸ ಏಕೆ ಕಷ್ಟ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಭೂಮಿ ಗುಂಡಗಿರುವುದರಿಂದ ರೇಡಾರ್ ಎಷ್ಟು ಎತ್ತರದಲ್ಲಿದೆಯೋ ಅಷ್ಟು ದೂರ ಮಾತ್ರ ಅದಕ್ಕೆ ಕಾಣುತ್ತದೆ. ನೀರಿನಿಂದ 25 ಮೀಟರ್ ಮೇಲಿರುವ ರೇಡಾರ್, ಅಲೆಗಳ ಮೇಲೆ 5 ಮೀಟರ್ ಎತ್ತರದಲ್ಲಿ ಹಾರಿಬರುವ ಕ್ಷಿಪಣಿಯನ್ನು ಕಾಣುವುದು ಅದು ಸುಮಾರು 30 ಕಿ.ಮೀ. ಹತ್ತಿರಕ್ಕೆ ಬಂದಾಗ. ಶಬ್ದಕ್ಕಿಂತ ನಿಧಾನವಾದ ಕ್ಷಿಪಣಿಗೆ ಆ ದಾರಿ ಕ್ರಮಿಸಲು ಒಂದೂಮುಕ್ಕಾಲು ನಿಮಿಷದಷ್ಟು ಸಮಯ ಬೇಕು. ಶಬ್ದದ ಎರಡೂವರೆ ಪಟ್ಟು ವೇಗದ್ದಾದರೆ ಅರ್ಧ ನಿಮಿಷದ ಆಸುಪಾಸು. ಹಡಗಿನಲ್ಲಿರುವ ನೂರಾರು ಜನರ ಜೀವ ಆ ಅರ್ಧ ನಿಮಿಷದಲ್ಲಿ ನಿರ್ಧಾರವಾಗುತ್ತದೆ.

ಹಾಗಾದರೆ ರೇಡಾರನ್ನು ಇನ್ನಷ್ಟು ಮೇಲೆ ಕೂರಿಸಿದರಾಯಿತಲ್ಲ? ಅಲ್ಲೇ ತೊಡಕು. ಹಡಗು ಒಂದು ಬದಿಗೆ ವಾಲಿದಾಗ ಅದನ್ನು ನೆಟ್ಟಗೆ ತರುವುದು ಎರಡು ಬಲಗಳು: ಕೆಳಕ್ಕೆ ಎಳೆಯುವ ಹಡಗಿನ ತೂಕ, ಮೇಲಕ್ಕೆ ಎತ್ತುವ ನೀರಿನ ಒತ್ತಡ. ತೂಕದ ಕೇಂದ್ರ ಕೆಳಗಿದ್ದಷ್ಟೂ ಹಡಗು ಬೇಗ ಸರಿಹೋಗುತ್ತದೆ. ಕೆಲವು ಟನ್‌ಗಳ ಆಂಟೆನಾವನ್ನು ಕಂಬದ ತುದಿಗೆ ಏರಿಸಿದರೆ ಆ ಕೇಂದ್ರವೂ ಮೇಲೇರುತ್ತದೆ. ಅದನ್ನು ಸರಿದೂಗಿಸಲು ಹಡಗನ್ನು ಅಗಲ ಮಾಡಿದರೆ ನೀರಿನ ತಡೆ ಹೆಚ್ಚುತ್ತದೆ. ವೇಗ ಉಳಿಸಲು ದೊಡ್ಡ ಎಂಜಿನ್ ಬೇಕಾಗುತ್ತದೆ, ದೊಡ್ಡ ಎಂಜಿನ್‌ಗೆ ಹೆಚ್ಚು ಇಂಧನ, ಹೆಚ್ಚು ಇಂಧನಕ್ಕೆ ಹೆಚ್ಚು ಜಾಗ. ಒಂದು ಗೆರೆ ಬದಲಾದರೆ ನೂರು ಗೆರೆಗಳನ್ನು ತಿದ್ದಬೇಕು. ಆ ಲೆಕ್ಕವನ್ನು ಮೊದಲಿನಿಂದ ಮಾಡಿದವರಿಗೆ ಮಾತ್ರ ಎಲ್ಲಿ ತಿದ್ದಬಹುದು, ಎಲ್ಲಿ ಕೈ ಹಚ್ಚಬಾರದು ಎಂಬುದು ಗೊತ್ತಿರುತ್ತದೆ.

ತಪಸ್‌ನಂಥ ವಿಮಾನ ಏಕೆ ಬೇಕು ಎಂಬುದಕ್ಕೂ ಉತ್ತರ ಇದೇ ಲೆಕ್ಕದಲ್ಲಿದೆ. 20,000 ಅಡಿ ಮೇಲಿರುವ ರೇಡಾರ್ ಕಣ್ಣಿಗೆ ದಿಗಂತ 300 ಕಿ.ಮೀ.ಗೂ ಆಚೆ. ಕಂಬದ ಮೇಲೆ ಕೂರಿಸಲಾಗದ ಎತ್ತರವನ್ನು ಹಡಗು ಹೀಗೆ ಎರವಲು ಪಡೆಯುತ್ತದೆ. ತಪಸ್ 30,000 ಅಡಿಯಲ್ಲಿ 24 ಗಂಟೆ ಹಾರಬೇಕೆಂಬ ಸೇನೆಯ ಗುರಿಯನ್ನು ಪೂರ್ತಿಯಾಗಿ ಮುಟ್ಟಲಿಲ್ಲ ಎಂಬುದನ್ನೂ ಹೇಳಬೇಕು. ಆದರೂ ನೆಲದಿಂದ ಹಡಗಿಗೆ ಹಿಡಿತ ದಾಟಿಸುವ ವಿದ್ಯೆ ಆ ಬೆಳಿಗ್ಗೆ ಸಿದ್ಧಿಸಿತು. ಮುಂದೆ ಯಾವ ವಿಮಾನ ಬಂದರೂ ಅದು ಬೇಕಾಗುತ್ತದೆ.

ಉಕ್ಕು ಸಿಗದ ಕಾಲ

ಭೀಮಸಮುದ್ರದ ಗುಡ್ಡಗಳಿಂದ ಅದಿರು ತುಂಬಿಕೊಂಡು ಹೋಗುವ ಲಾರಿಗಳನ್ನು ನಮ್ಮ ಜಿಲ್ಲೆಯವರು ನೋಡುತ್ತಲೇ ಇರುತ್ತಾರೆ. ಅದಿರು ಇದ್ದರೆ ಕಬ್ಬಿಣ, ಕಬ್ಬಿಣ ಇದ್ದರೆ ಹಡಗು ಎಂದುಕೊಳ್ಳುವುದು ಸುಲಭ. ಯುದ್ಧನೌಕೆಯ ಉಕ್ಕಿನ ವಿಚಾರದಲ್ಲಿ ಆ ಸುಲಭದ ದಾರಿ ಇಲ್ಲ.

ಕೊಚ್ಚಿಯಲ್ಲಿ ಇಂದಿನ ವಿಕ್ರಾಂತ್ ವಿಮಾನವಾಹಕ ನೌಕೆಯ ಕೆಲಸ ಆರಂಭವಾಗುವ ಹೊತ್ತಿಗೆ ಅದಕ್ಕೆ ಬೇಕಾದ ಉಕ್ಕು ರಷ್ಯಾದಿಂದ ಬರಬೇಕಿತ್ತು. ಅದು ಬರಲಿಲ್ಲ. ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಪ್ರಯೋಗಾಲಯ ಮತ್ತು ಸರ್ಕಾರಿ ಉಕ್ಕು ಕಂಪನಿ ಸೈಲ್ ಸೇರಿ ಡಿಎಂಆರ್ 249ಎ ಎಂಬ ಉಕ್ಕನ್ನು ರೂಪಿಸಿದವು, ವಿಮಾನಗಳು ಇಳಿಯುವ ಮೇಲಟ್ಟಕ್ಕೆ ಇನ್ನೂ ಗಟ್ಟಿಯಾದ 249ಬಿ ಬಂದಿತು. ವಿಕ್ರಾಂತ್ ಒಂದಕ್ಕೇ ಸೈಲ್ ಸುಮಾರು 30,000 ಟನ್ ಪೂರೈಸಿತು. ಈಗ ನಮ್ಮ ದೊಡ್ಡ ಯುದ್ಧನೌಕೆಗಳಾದ ಡೆಸ್ಟ್ರಾಯರ್, ಅವಕ್ಕಿಂತ ಸ್ವಲ್ಪ ಚಿಕ್ಕವಾದ ಫ್ರಿಗೇಟ್‌ಗಳ ಒಡಲೂ ಇದೇ ಉಕ್ಕಿನದು.

ಈ ಉಕ್ಕಿನ ಗುಣವೇನು? ಶೂನ್ಯಕ್ಕಿಂತ 60 ಡಿಗ್ರಿ ಕೆಳಗಿನ ಚಳಿಯಲ್ಲಿ ಸುತ್ತಿಗೆಯಿಂದ ಬಡಿದರೂ ಅದು ಬಿರಿಯಬಾರದು, ಬಾಗಬೇಕು. ಹಿಂದೂ ಮಹಾಸಾಗರ ಬೆಚ್ಚಗಿರುವಾಗ ಈ ಚಳಿಯ ಪರೀಕ್ಷೆ ಯಾಕೆ ಎಂಬ ಪ್ರಶ್ನೆ ಏಳುತ್ತದೆ. ಉಕ್ಕು ಎರಡು ಸಂದರ್ಭಗಳಲ್ಲಿ ಪೆಡಸಾಗುತ್ತದೆ: ವಿಪರೀತ ತಣ್ಣಗಾದಾಗ, ವಿಪರೀತ ವೇಗದಲ್ಲಿ ಪೆಟ್ಟು ಬಿದ್ದಾಗ. ನೀರಿನಡಿಯ ಸ್ಫೋಟದ ಪೆಟ್ಟು ಕಣ್ಣುಮುಚ್ಚಿ ತೆರೆಯುವುದರೊಳಗೆ ಬೀಳುತ್ತದೆ, ಉಕ್ಕಿಗೆ ಹಿಗ್ಗಲು ಸಮಯವೇ ಸಿಗುವುದಿಲ್ಲ. ಕಡುಚಳಿಯಲ್ಲೂ ಬಾಗುವ ಉಕ್ಕು ಬೆಚ್ಚಗಿನ ನೀರಿನಲ್ಲಿ ಅಂಥ ಪೆಟ್ಟನ್ನು ತಾಳಿಕೊಳ್ಳುತ್ತದೆ. ಒಡಲು ತಗ್ಗಾಗಬಹುದು, ಸೀಳಬಾರದು. ಸೀಳಿದರೆ ನೀರು ಒಳನುಗ್ಗುತ್ತದೆ.

ಹಾಳೆ ಸಿದ್ಧವಾದರೆ ಅರ್ಧ ಕೆಲಸವಷ್ಟೇ. ಬೆಸೆಯುವಾಗ ಬೆಸುಗೆಯ ಪಕ್ಕದ ಕೆಲವು ಮಿಲಿಮೀಟರ್ ಅಗಲದ ಉಕ್ಕು ಕೆಂಪಾಗಿ ಕಾದು ಆರುತ್ತದೆ, ಕುಲುಮೆಯಲ್ಲಿ ಕಷ್ಟಪಟ್ಟು ತಂದ ಗುಣ ಅಲ್ಲಿ ಕೆಡುತ್ತದೆ. ಹಾಗಾಗಿ ಈ ಉಕ್ಕಿಗೆಂದೇ ಬೇರೆ ಎಲೆಕ್ಟ್ರೋಡ್‌ಗಳನ್ನು ರೂಪಿಸಬೇಕಾಯಿತು, ಬೆಸುಗೆಗಾರರಿಗೆ ತರಬೇತಿ ಕೊಡಬೇಕಾಯಿತು. ಮುಖ್ಯ ಬೆಸುಗೆಗಳನ್ನು ಎಕ್ಸ್‌ರೇ ಅಥವಾ ಶ್ರವಣಾತೀತ ತರಂಗಗಳಿಂದ ಪರೀಕ್ಷಿಸುತ್ತಾರೆ. ಸೂಜಿಮೊನೆಯಷ್ಟು ಗಾಳಿಗುಳ್ಳೆ ಸಿಕ್ಕರೂ ಕೆರೆದು ಮತ್ತೆ ಬೆಸೆಯುತ್ತಾರೆ. ಒಬ್ಬ ಬೆಸುಗೆಗಾರನ ಕೈ ನಡುಗಿದರೆ ಅದರ ಫಲವನ್ನು ಮೂವತ್ತು ವರ್ಷ ಆ ಹಡಗಿನಲ್ಲಿ ಮಲಗುವವರು ಉಣ್ಣಬೇಕು.

ಕಟ್ಟುವ ಕ್ರಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಂದೆ ಪೂರ್ತಿ ಒಡಲನ್ನು ಕಟ್ಟಿ, ನೀರಿಗಿಳಿಸಿ, ಆಮೇಲೆ ಒಳಗೆ ಪೈಪು, ತಂತಿ ಎಳೆಯುತ್ತಿದ್ದರು. ಈಗ ನೂರಾರು ಟನ್‌ಗಳ ಖಂಡಗಳನ್ನು ಶೆಡ್ಡಿನಲ್ಲೇ ಪೈಪು, ತಂತಿ, ಯಂತ್ರಗಳ ಸಮೇತ ಸಿದ್ಧಪಡಿಸಿ ಕ್ರೇನಿನಿಂದ ಜೋಡಿಸುತ್ತಾರೆ. ವರ್ಷಗಳು ಉಳಿಯುತ್ತವೆ. ವಿಕ್ರಾಂತ್‌ಗೆ 2009ರಲ್ಲಿ ಅಡಿಗಟ್ಟು ಹಾಕಿ, 2013ರಲ್ಲಿ ನೀರಿಗಿಳಿಸಿ, 2022ರ ಸೆಪ್ಟೆಂಬರ್ 2ರಂದು ಸೇವೆಗೆ ಸೇರಿಸಿದರು. 262 ಮೀಟರ್ ಉದ್ದ, ಸುಮಾರು 2,200 ಕೋಣೆಗಳು, 2,000 ಕಿ.ಮೀ.ಗೂ ಹೆಚ್ಚು ಉದ್ದದ ತಂತಿ. ತಡವಾಯಿತು, ವೆಚ್ಚ ಸುಮಾರು 20,000 ಕೋಟಿ ರೂಪಾಯಿಗೆ ಏರಿತು. ಮೊದಲ ಸಲ ಮಾಡುವವರಿಗೆ ಆಗುವ ತಡ ಎಂದು ನಾನು ಅದನ್ನು ಒಪ್ಪುತ್ತೇನೆ. ಎರಡನೆಯ ಸಲವೂ ಅಷ್ಟೇ ತಡವಾದರೆ ಒಪ್ಪಲಾಗದು.

ಎಂಜಿನ್: ಇನ್ನೂ ಸಿಗದ ಬೀಗದ ಕೈ

ಎಲ್ಲಕ್ಕಿಂತ ನನ್ನನ್ನು ಕಾಡುವ ಭಾಗ ಇದು. ಯುದ್ಧನೌಕೆ ಹೆಚ್ಚಿನ ಕಾಲ ನಿಧಾನವಾಗಿ ಗಸ್ತು ತಿರುಗುತ್ತದೆ. ಅಪಾಯ ಬಂದಾಗ ಮಾತ್ರ ಗಂಟೆಗೆ 50 ಕಿ.ಮೀ. ಮೀರಿದ ವೇಗದಲ್ಲಿ ಓಡಬೇಕು. ನಿಧಾನದ ಓಟಕ್ಕೆ ಡೀಸೆಲ್ ಎಂಜಿನ್ ಮಿತವ್ಯಯಿ. ಆದರೆ ಪೂರ್ಣ ವೇಗಕ್ಕೆ ಬೇಕಾದಷ್ಟು ಶಕ್ತಿಯನ್ನು ಡೀಸೆಲ್‌ನಿಂದಲೇ ಪಡೆಯಹೊರಟರೆ ಹಡಗಿನ ಹೊಟ್ಟೆಯೆಲ್ಲ ಎಂಜಿನ್ನೇ ತುಂಬಿಕೊಳ್ಳುತ್ತದೆ. ಅದಕ್ಕಾಗಿ ವಿಮಾನದ ಎಂಜಿನ್‌ನಿಂದ ರೂಪಿಸಿದ ಗ್ಯಾಸ್ ಟರ್ಬೈನ್ ಬಳಸುತ್ತಾರೆ: ಹಗುರ, ನಿಮಿಷಗಳಲ್ಲಿ ಪೂರ್ಣ ಶಕ್ತಿಗೆ ಬರುತ್ತದೆ, ಇಂಧನವನ್ನು ಮಾತ್ರ ನುಂಗುತ್ತದೆ. ಹೊಸ ನೀಲಗಿರಿ ವರ್ಗದ ಫ್ರಿಗೇಟ್‌ಗಳಲ್ಲಿ ಎರಡು ಡೀಸೆಲ್, ಎರಡು ಟರ್ಬೈನ್. ಸಂದರ್ಭ ನೋಡಿ ಅದು ಅಥವಾ ಇದು. ವಿಕ್ರಾಂತ್‌ನಲ್ಲಿ ನಾಲ್ಕು ಟರ್ಬೈನ್‌ಗಳಿಂದ 88 ಮೆಗಾವಾಟ್.

ಈ ಟರ್ಬೈನ್‌ಗಳು ಅಮೆರಿಕದ ವಿನ್ಯಾಸದವು. ಜೋಡಿಸುವುದು ಬೆಂಗಳೂರಿನ ಎಚ್‌ಎಎಲ್. ವಿಶಾಖಪಟ್ಟಣ ವರ್ಗದ ಡೆಸ್ಟ್ರಾಯರ್‌ಗಳ ಟರ್ಬೈನ್ ಉಕ್ರೇನಿನ ಮಿಕೊಲಾಯಿವ್ ನಗರದಿಂದ ಬಂದದ್ದು, 2022ರಲ್ಲಿ ಯುದ್ಧ ಆ ನಗರದ ಬಾಗಿಲಿಗೇ ಬಂದಿತು. ಇದಕ್ಕಿಂತ ಕಟುವಾದ ಪಾಠ ಇನ್ನೊಂದಿದೆ. ರಷ್ಯಾದಲ್ಲಿ ಕಟ್ಟುತ್ತಿದ್ದ, ಆಮೇಲೆ ನಾವು ಕೊಂಡ ಎರಡು ಫ್ರಿಗೇಟ್‌ಗಳಿಗೆ ಉಕ್ರೇನಿನ ಎಂಜಿನ್ ಬೇಕಿತ್ತು. 2014ರ ನಂತರ ಆ ಎರಡು ದೇಶಗಳ ನಡುವೆ ವ್ಯಾಪಾರ ನಿಂತಿತು. ಕೊನೆಗೆ ಭಾರತವೇ ಎಂಜಿನ್‌ಗಳನ್ನು ಉಕ್ರೇನಿನಿಂದ ಕೊಂಡು ರಷ್ಯಾದ ಹಡಗುಕಟ್ಟೆಗೆ ತಲುಪಿಸಬೇಕಾಯಿತು. ಬೇರೆಯವರ ಜಗಳಕ್ಕೆ ನಮ್ಮ ಹಡಗು ಕಾದು ನಿಂತಿತು. ಆ ಎರಡರಲ್ಲಿ ಕೊನೆಯದು, ಐಎನ್‌ಎಸ್ ತಮಾಲ್, 2025ರ ಜುಲೈ 1ರಂದು ಸೇವೆಗೆ ಸೇರಿತು. ಹೊರದೇಶದಲ್ಲಿ ಕಟ್ಟಿಸಿ ತರುವ ಯುದ್ಧನೌಕೆ ಇದೇ ಕೊನೆ ಎಂದು ನೌಕಾಪಡೆ ಹೇಳಿದೆ.

ಟರ್ಬೈನ್‌ನ ಕಷ್ಟ ಅದರ ಅಲಗುಗಳಲ್ಲಿದೆ. ಅಂಗೈಯಷ್ಟು ದೊಡ್ಡ ಅಲಗು, ಲೋಹ ಮೆತ್ತಗಾಗುವಷ್ಟು ಬಿಸಿ ಅನಿಲದ ನಡುವೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತ ಸಾವಿರಾರು ಗಂಟೆ ಬಾಳಬೇಕು. ಉಪ್ಪುಗಾಳಿ ಬೇರೆ ಅದನ್ನು ತಿನ್ನುತ್ತದೆ. ಆ ಮಿಶ್ರಲೋಹ, ಆ ಎರಕದ ಗುಟ್ಟನ್ನು ಯಾವ ದೇಶವೂ ಸುಲಭವಾಗಿ ಮಾರುವುದಿಲ್ಲ. ಬೆಂಗಳೂರಿನಲ್ಲಿ ರೂಪಿಸಿದ ಕಾವೇರಿ ಎಂಬ ವಿಮಾನ ಎಂಜಿನ್‌ನ ಕಡಲ ರೂಪವೊಂದನ್ನು ವಿಶಾಖಪಟ್ಟಣದಲ್ಲಿ ಪರೀಕ್ಷಿಸಿದ್ದರು. ಅದು ನೌಕೆಯೊಳಗೆ ಸೇರುವ ಹಂತ ಮುಟ್ಟಲಿಲ್ಲ.

ಡೀಸೆಲ್ ವಿಚಾರದಲ್ಲಿ ದಾರಿ ತೆರೆದಿದೆ. 2025ರ ಏಪ್ರಿಲ್‌ನಲ್ಲಿ 6 ಮೆಗಾವಾಟ್‌ನ ನೌಕಾ ಡೀಸೆಲ್ ಎಂಜಿನ್ನನ್ನು ದೇಶದಲ್ಲೇ ವಿನ್ಯಾಸ ಮಾಡಲು ನೌಕಾಪಡೆ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್‌ಗೆ 270 ಕೋಟಿ ರೂಪಾಯಿಯ ಯೋಜನೆ ಒಪ್ಪಿಸಿತು. ಅದರಲ್ಲಿ ಶೇ 70 ಸರ್ಕಾರದ ಹಣ. ಈ ಸುದ್ದಿ ಓದಿದ ದಾವಣಗೆರೆ ಸೀಮೆಯ ಹಿರಿಯರಿಗೆ ಹರಿಹರ ನೆನಪಾಗದೇ ಇರದು. ಅದೇ ಕಿರ್ಲೋಸ್ಕರ್ ಮನೆತನ 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಟ್ಟಿತು. ಅಲ್ಲಿಂದ ಹೊರಟ ಲೇತ್‌ಗಳು ದೇಶದ ಐಟಿಐಗಳಿಗೆ, ವರ್ಕ್‌ಶಾಪ್‌ಗಳಿಗೆ ಹೋದವು. ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದೆ, ಯಂತ್ರಗಳು ಮಾತ್ರ ಇನ್ನೂ ತಿರುಗುತ್ತಿವೆ. ಹಳೆಯ ಎಂಟರ್‌ಪ್ರೈಸ್ ಲೇತಿನ ಮುಂದೆ ನಿಂತು, ಹೊಳೆಯುವ ಸುರುಳಿ ಸುರುಳಿ ಉಕ್ಕಿನ ಸಿಪ್ಪೆ ಕಿತ್ತುಬರುವುದನ್ನು ನೋಡುತ್ತ, ಯಂತ್ರ ನಿಲ್ಲಿಸಿ ಮೈಕ್ರೋಮೀಟರ್ ಹಿಡಿದು ಮಿಲಿಮೀಟರ್‌ನ ನೂರನೇ ಒಂದು ಭಾಗವನ್ನು ಓದುವ ಟರ್ನರ್ ಕಲಿತಿರುವ ಶಿಸ್ತೇ ಹಡಗಿನ ಎಂಜಿನ್‌ಗೂ ಬೇಕಾದ ಶಿಸ್ತು.

ಆ ಶಿಸ್ತು ಹಡಗಿನ ಗಾತ್ರಕ್ಕೆ ಬೆಳೆದಾಗ ಹೇಗಿರುತ್ತದೆ? ಎಂಜಿನ್‌ನಿಂದ ಪ್ರೊಪೆಲ್ಲರ್‌ವರೆಗೆ ಹತ್ತಾರು ಮೀಟರ್ ಉದ್ದದ ದಂಡ ಹಲವು ಬೇರಿಂಗ್‌ಗಳ ಮೇಲೆ ತಿರುಗುತ್ತದೆ. ಬೇರಿಂಗ್‌ಗಳೆಲ್ಲ ಒಂದೇ ಗೆರೆಯಲ್ಲಿರಬೇಕು. ಹಗಲಿನಲ್ಲಿ ಸೂರ್ಯ ಒಂದು ಬದಿಯನ್ನು ಕಾಯಿಸಿದರೆ ಒಡಲೇ ಕೆಲವು ಮಿಲಿಮೀಟರ್ ಬಾಗುತ್ತದೆ. ಅದಕ್ಕೆ ಆ ಅಳತೆಯನ್ನು ರಾತ್ರಿ ಅಥವಾ ನಸುಕಿನಲ್ಲಿ, ಹಡಗೆಲ್ಲ ಒಂದೇ ಶಾಖದಲ್ಲಿದ್ದಾಗ ಮಾಡುತ್ತಾರೆ. ನೀರಿಗಿಳಿಸಿದ ಮೇಲೆ ಒಡಲು ಮತ್ತೆ ಆಕಾರ ಬದಲಿಸುತ್ತದೆ, ಮತ್ತೆ ಅಳೆಯುತ್ತಾರೆ. ಸ್ವಲ್ಪ ತಪ್ಪಿದರೂ ದಂಡ ನಡುಗುತ್ತದೆ. ನಡುಕ ಸದ್ದಾಗುತ್ತದೆ. ಆ ಸದ್ದನ್ನು ಶತ್ರುವಿನ ಜಲಾಂತರ್ಗಾಮಿ ದೂರದಿಂದಲೇ ಕೇಳಿಸಿಕೊಳ್ಳುತ್ತದೆ.

ಏಳು ಸುತ್ತು, ಮತ್ತೊಂದು ಕಿಂಡಿ

ಹಡಗಿನ ರಕ್ಷಣೆಯನ್ನು ದುರ್ಗದವರಿಗೆ ವಿವರಿಸುವುದು ಸುಲಭ. ಏಳು ಸುತ್ತಿನ ಕೋಟೆಯಲ್ಲಿ ಒಂದು ಗೋಡೆ ಬಿದ್ದರೆ ಇನ್ನೊಂದು ಗೋಡೆ ಎದುರಾಗುತ್ತದೆ. ಯುದ್ಧನೌಕೆಯೂ ತನ್ನ ಸುತ್ತ ಹಾಗೆಯೇ ಸುತ್ತುಗಳನ್ನು ಹಾಕಿಕೊಳ್ಳುತ್ತದೆ. ಹೊರಸುತ್ತು ವಿಮಾನ, ಹೆಲಿಕಾಪ್ಟರ್, ಡ್ರೋನ್‌ಗಳದ್ದು. ಅದರೊಳಗೆ ಸುಮಾರು 70 ಕಿ.ಮೀ. ದೂರದಲ್ಲೇ ಶತ್ರು ವಿಮಾನ, ಕ್ಷಿಪಣಿಗಳನ್ನು ಹೊಡೆಯುವ ಬರಾಕ್-8, ಇಸ್ರೇಲ್ ಜೊತೆ ಸೇರಿ ರೂಪಿಸಿದ್ದು. ಹೊಸ ಡೆಸ್ಟ್ರಾಯರ್‌ಗಳಲ್ಲಿ ಇಂಥ 32 ಕ್ಷಿಪಣಿಗಳು ಮೇಲಟ್ಟದಡಿ ನೆಟ್ಟಗೆ ನಿಂತಿರುತ್ತವೆ, ಪ್ರತಿದಾಳಿಗೆ 16 ಬ್ರಹ್ಮೋಸ್. ಇನ್ನೂ ಒಳಗೆ 76 ಮಿ.ಮೀ. ಫಿರಂಗಿ. ಅದನ್ನೂ ದಾಟಿ ಬಂದದ್ದಕ್ಕೆ ನಿಮಿಷಕ್ಕೆ ನಾಲ್ಕೈದು ಸಾವಿರ ಗುಂಡು ಉಗುಳುವ ಆರು ನಳಿಗೆಯ ಬಂದೂಕು. ಇವುಗಳ ಜೊತೆಗೆ ಶತ್ರು ಕ್ಷಿಪಣಿಯ ಕಣ್ಣಿಗೆ ಸುಳ್ಳು ಹಡಗನ್ನು ತೋರಿಸುವ ಲೋಹದ ಎಳೆಗಳ ಮೋಡ. ಕಟ್ಟಕಡೆಯ ಸುತ್ತು ಒಡಲಿನೊಳಗಿನ ನೀರು ನುಗ್ಗದ ಕೋಣೆಗಳು, ಬೆಂಕಿ ನಂದಿಸುವ ನಾವಿಕರು.

ಸುತ್ತುಗಳಿದ್ದರೆ ಸಾಲದು, ಕಾವಲುಗಾರರು ಒಬ್ಬರಿಗೊಬ್ಬರು ಕೂಗಿ ಹೇಳಬೇಕು. ಆ ಅರ್ಧ ನಿಮಿಷದಲ್ಲಿ ಕಂಡದ್ದು ಏನು, ಯಾವ ಆಯುಧ ಹೊರಡಬೇಕು ಎಂದು ತೀರ್ಮಾನಿಸಲು ಎಲ್ಲ ರೇಡಾರ್, ಸದ್ದಿನಿಂದ ನೀರಿನಡಿ ಹುಡುಕುವ ಸೋನಾರ್, ಆಯುಧಗಳನ್ನು ಬೆಸೆಯುವ ಸಮರ ನಿರ್ವಹಣಾ ವ್ಯವಸ್ಥೆ ಬೇಕು. ನಮ್ಮ ಹೊಸ ಫ್ರಿಗೇಟ್‌ಗಳಲ್ಲಿ ಅದು ಬೆಂಗಳೂರಿನ ಬಿಇಎಲ್ ತಯಾರಿಸಿದ್ದು. ನನ್ನ ಮಟ್ಟಿಗೆ ಹಡಗಿನಲ್ಲಿ ನಮ್ಮದಾಗಿರಲೇಬೇಕಾದ ಮೊದಲ ವಸ್ತು ಇದು, ಯಾಕೆಂದರೆ ಇದರ ತಂತ್ರಾಂಶ ಬೇರೆಯವರದಾದರೆ ಹೊಸ ಆಯುಧ ಸೇರಿಸುವುದಕ್ಕೂ ಬೇರೆಯವರ ಬಾಗಿಲು ತಟ್ಟಬೇಕು.

ಜೋಡಣೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು 1982ರ ಮೇ 4ರಂದು ಬ್ರಿಟನ್ನಿನ ಎಚ್‌ಎಂಎಸ್ ಶೆಫೀಲ್ಡ್ ತೋರಿಸಿತು. ಫಾಕ್‌ಲೆಂಡ್ ಯುದ್ಧದಲ್ಲಿ ಅರ್ಜೆಂಟೀನಾದ ಎಕ್ಸೊಸೆಟ್ ಕ್ಷಿಪಣಿ ಬರುತ್ತಿದ್ದ ಹೊತ್ತಿಗೆ ಆ ಹಡಗು ಉಪಗ್ರಹದ ಮೂಲಕ ಸಂದೇಶ ಕಳುಹಿಸುತ್ತಿತ್ತು. ಆ ಪ್ರಸಾರವೇ ಶತ್ರು ರೇಡಾರನ್ನು ಗುರುತಿಸುವ ಉಪಕರಣವನ್ನು ಮಂಕಾಗಿಸಿತು. ಎರಡೂ ಒಳ್ಳೆಯ ಉಪಕರಣಗಳೇ. ಒಂದೇ ಕಂಬದ ಸುತ್ತ ಒಟ್ಟಿಗೆ ಬಾಳಲು ಅವುಗಳಿಗೆ ಬರಲಿಲ್ಲ.

ಇನ್ನು ಕಿಂಡಿಯ ಮಾತು. ಏಳು ಸುತ್ತು ಇದ್ದರೂ ಒಂದು ಕಿಂಡಿ ಸಾಕು ಎಂಬುದನ್ನು ಓಬವ್ವನ ನಾಡಿನವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಹಡಗಿಗೆ ಆ ಕಿಂಡಿ ನೀರಿನಡಿ ಇದೆ. 1971ರ ಡಿಸೆಂಬರ್ 9ರ ರಾತ್ರಿ ದಿಯು ತೀರದಾಚೆ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿ ನಮ್ಮ ಐಎನ್‌ಎಸ್ ಖುಕ್ರಿಯನ್ನು ಮುಳುಗಿಸಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗನ್ನು ಬಿಟ್ಟು ಬರಲಿಲ್ಲ. ಅವರೂ ಸೇರಿ 18 ಅಧಿಕಾರಿಗಳು, 176 ನಾವಿಕರು ಸತ್ತರು.

ನೀರಿನಡಿ ಬೆಳಕಾಗಲಿ ರೇಡಾರಾಗಲಿ ನಡೆಯದು, ಸದ್ದು ಮಾತ್ರ ಸಾಗುತ್ತದೆ. ಸದ್ದಿನ ವೇಗ ನೀರಿನ ಶಾಖಕ್ಕೆ ತಕ್ಕಂತೆ ಬದಲಾಗುತ್ತದೆ. ನಮ್ಮ ಕಡಲಿನ ಮೇಲ್ಪದರ ಬಿಸಿಲಿಗೆ ಕಾದಿರುತ್ತದೆ, ಕೆಳಗೆ ತಂಪು. ಹಾಗಾಗಿ ಹಡಗಿನಿಂದ ಹೊರಟ ಸದ್ದು ನೇರ ಹೋಗದೆ ಕೆಳಕ್ಕೆ ಬಾಗುತ್ತದೆ, ಸ್ವಲ್ಪ ದೂರದಾಚೆ ಸದ್ದೇ ತಲುಪದ ನೆರಳಿನ ವಲಯ ಉಂಟಾಗುತ್ತದೆ. ಅಲ್ಲಿ ಜಲಾಂತರ್ಗಾಮಿ ಅಡಗಬಹುದು. ತಣ್ಣನೆಯ ಅಟ್ಲಾಂಟಿಕ್‌ಗೆಂದು ಮಾಡಿದ ಸೋನಾರ್ ಇಲ್ಲಿ ಸೋಲುವುದು ಇದಕ್ಕೇ. ನೌಕಾಪಡೆಯ ಅಧಿಕಾರಿಯಾಗಿದ್ದ ಆರೋಗ್ಯಸ್ವಾಮಿ ಪಾಲ್‌ರಾಜ್ ಕೊಚ್ಚಿಯಲ್ಲಿ ತಂಡ ಕಟ್ಟಿ ನಮ್ಮ ನೀರಿಗೆಂದೇ ಅಪ್ಸೋ ಸೋನಾರನ್ನು ರೂಪಿಸಿದರು. 1980ರ ದಶಕದ ಆರಂಭದಲ್ಲಿ ಅಂದಿನ ಐಎನ್‌ಎಸ್ ಹಿಮಗಿರಿಯಲ್ಲಿ ಅದರ ಪರೀಕ್ಷೆ ನಡೆಯಿತು. ಮುಂದೆ ಇದೇ ಪಾಲ್‌ರಾಜ್ ಅಮೆರಿಕದಲ್ಲಿ ಬಹು ಆಂಟೆನಾ ತಂತ್ರಜ್ಞಾನವನ್ನು ಕಂಡುಹಿಡಿದರು. ಇಂದು ನಿಮ್ಮ ಕೈಯಲ್ಲಿರುವ ಮೊಬೈಲ್‌ನ 4ಜಿ, ವೈಫೈ ಎಲ್ಲ ಅದನ್ನೇ ನೆಚ್ಚಿವೆ. ಖುಕ್ರಿಯ ನೋವಿನ ನಂತರದ ದಶಕದಲ್ಲಿ ನಮ್ಮವರು ಮುಚ್ಚಲು ಹೊರಟ ಆ ಕಿಂಡಿಯ ಕೆಲಸ ಇನ್ನೂ ನಡೆದಿದೆ. ದಡದ ಬಳಿಯ ಕಡಿಮೆ ಆಳದ ನೀರಿನಲ್ಲಿ ಜಲಾಂತರ್ಗಾಮಿ ಹುಡುಕಲೆಂದೇ 77 ಮೀಟರ್ ಉದ್ದದ ಐಎನ್‌ಎಸ್ ಅರ್ನಾಲಾ 2025ರ ಜೂನ್‌ನಲ್ಲಿ ಸೇವೆಗೆ ಸೇರಿತು. ಈ ಬಗೆಯ 16 ನೌಕೆಗಳಲ್ಲಿ ಅದು ಮೊದಲನೆಯದು.

ಶೇಕಡಾವಾರು ಹೇಳದ ಮಾತು

ನೌಕಾಪಡೆ ಹಡಗನ್ನು ತೇಲುವ, ಚಲಿಸುವ, ಹೋರಾಡುವ ಎಂದು ಮೂರು ಭಾಗವಾಗಿ ನೋಡುತ್ತದೆ. ಸ್ಥೂಲವಾಗಿ ಹೇಳುವುದಾದರೆ ತೇಲುವ ಭಾಗದಲ್ಲಿ ನಾವು ಶೇ 90 ದಾಟಿದ್ದೇವೆ. ಚಲಿಸುವುದರಲ್ಲಿ ಶೇ 60ರ ಸುತ್ತ, ಹೋರಾಡುವುದರಲ್ಲಿ ಅರ್ಧದ ಆಸುಪಾಸು ಇದ್ದೇವೆ. ವಿಕ್ರಾಂತ್‌ನ ಶೇ 76 ಈ ಮೂರೂ ಕಲೆತ ಸಂಖ್ಯೆ. ಉಳಿದ ಕಾಲು ಭಾಗದಲ್ಲಿ ಏನಿದೆ ಎಂದು ಕೇಳಬೇಕು. ಟರ್ಬೈನ್ ಅಲ್ಲಿದೆ, ಇಳಿಯುವ ವಿಮಾನವನ್ನು ಹಗ್ಗಕ್ಕೆ ಸಿಕ್ಕಿಸಿ ನಿಲ್ಲಿಸುವ ವ್ಯವಸ್ಥೆ ಅಲ್ಲಿದೆ, ಮುಖ್ಯ ರೇಡಾರ್‌ಗಳಲ್ಲಿ ಕೆಲವು ಅಲ್ಲಿವೆ. ಬೆಲೆಯಲ್ಲಿ ಕಾಲು ಭಾಗವಾದರೂ ಅವಿಲ್ಲದೆ ಉಳಿದ ಮುಕ್ಕಾಲು ಭಾಗ ಬಂದರಿನಿಂದ ಹೊರಡುವಂತಿಲ್ಲ.

ಹಾಗಿದ್ದರೂ ನಾನು ನಿರಾಶನಲ್ಲ. ಐಎನ್‌ಎಸ್ ದೆಹಲಿ 1997ರ ಹಡಗು. ಅದು ಹುಟ್ಟಿದಾಗ ಬ್ರಹ್ಮೋಸ್ ಇರಲೇ ಇಲ್ಲ, ರಷ್ಯಾದ ಚಿಕ್ಕ ಕ್ಷಿಪಣಿಗಳಿಗೆ ಜಾಗ ಮಾಡಿತ್ತು. 2022ರ ಏಪ್ರಿಲ್‌ನಲ್ಲಿ ಅದೇ ಹಡಗು ಬ್ರಹ್ಮೋಸ್ ಹಾರಿಸಿತು. ಹೊಸ ಕ್ಷಿಪಣಿ ಎಷ್ಟೋ ಪಟ್ಟು ಭಾರ. ಅದರ ತೂಕವನ್ನು ಒಡಲು ಹೊರುತ್ತದೆಯೇ, ಹಡಗು ವಾಲಿದರೆ ನೆಟ್ಟಗಾಗುತ್ತದೆಯೇ, ಹಾರುವಾಗಿನ ಬೆಂಕಿ ಎಲ್ಲಿಗೆ ಬಡಿಯುತ್ತದೆ ಎಂಬ ಲೆಕ್ಕವೆಲ್ಲ ನಮ್ಮ ಕೈಯಲ್ಲಿತ್ತು. ನಕ್ಷೆ ನಮ್ಮದಾಗಿದ್ದರಿಂದ ಇಪ್ಪತ್ತೈದು ವರ್ಷದ ಹಡಗು ಮತ್ತೆ ಹರೆಯಕ್ಕೆ ಬಂತು. 2025ರ ಆಗಸ್ಟ್ 26ರಂದು ಹೊಸ ಹಿಮಗಿರಿಯ ಜೊತೆ ಸೇವೆಗೆ ಸೇರಿದ ಐಎನ್‌ಎಸ್ ಉದಯಗಿರಿ ವಾರ್‌ಶಿಪ್ ಡಿಸೈನ್ ಬ್ಯೂರೊ ಬರೆದ ನೂರನೆಯ ಹಡಗು.

ನಮ್ಮ ಜಿಲ್ಲೆಯ ಪಾಲಿನ ಲೆಕ್ಕವನ್ನೂ ನೇರವಾಗಿ ಹೇಳಬೇಕು. ತಪಸ್ ಹಾರಿದ ನೆಲ ಹಿಂದೆ ಅಮೃತಮಹಲ್ ಕಾವಲು. ಹೈದರಾಲಿ, ಟಿಪ್ಪುವಿನ ಸೈನ್ಯದ ಸರಂಜಾಮು ಎಳೆದ ಅಮೃತಮಹಲ್ ತಳಿಯ ದನಗಳಿಗೆ ಮೀಸಲಾಗಿದ್ದ ಹುಲ್ಲುಗಾವಲು ಅದು. ಅಲ್ಲಿ ಡಿಆರ್‌ಡಿಒ ನೆಲೆಯೊಂದಕ್ಕೇ ನಾಲ್ಕು ಸಾವಿರ ಎಕರೆಗೂ ಹೆಚ್ಚು ಹೋಯಿತು, ಇತರ ಸಂಸ್ಥೆಗಳಿಗೂ ಸಾವಿರಾರು ಎಕರೆ ಸಂದಿತು. ಕುರಿ, ದನ ಮೇಯಿಸುತ್ತಿದ್ದ ಹಳ್ಳಿಗರು ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದರು. ದೇಶದ ರಕ್ಷಣೆಗೆ ನೆಲ ಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಬೇಲಿಯ ಹೊರಗೆ ಉಳಿದವರ ಮಕ್ಕಳಿಗೆ ಬೇಲಿಯ ಒಳಗಿನ ಕೆಲಸದ ದಾರಿ ತೋರಿಸುವುದು ಆ ಒಪ್ಪಂದದ ಇನ್ನೊಂದು ಅರ್ಧ. ಆ ಅರ್ಧ ಬಾಕಿ ಇದೆ.

ಆ ದಾರಿ ಹುಡುಕುವ ವಿದ್ಯಾರ್ಥಿಗಳಿಗೆ ಒಂದೆರಡು ಮಾತು. ಹಡಗು ವಿನ್ಯಾಸವನ್ನು ನೇವಲ್ ಆರ್ಕಿಟೆಕ್ಚರ್ ಎಂಬ ಹೆಸರಿನಲ್ಲಿ ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ, ಮದ್ರಾಸ್ ಮತ್ತು ಖರಗ್‌ಪುರದ ಐಐಟಿಗಳು, ಭಾರತೀಯ ಕಡಲ ವಿಶ್ವವಿದ್ಯಾಲಯದ ವಿಶಾಖಪಟ್ಟಣ ಕೇಂದ್ರ ಕಲಿಸುತ್ತವೆ. ದಾವಣಗೆರೆಯಲ್ಲಿ ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಓದುತ್ತಿರುವವರು ಬೇರೆ ಕೋರ್ಸ್ ಹಿಡಿಯಬೇಕಾಗಿಲ್ಲ: ಮೆಕ್ಯಾನಿಕಲ್‌ನವರು ಲೋಹದ ಆಯಾಸ, ಕಂಪನ, ಬೆಸುಗೆಯ ಲೋಹಶಾಸ್ತ್ರದ ಪಾಠಗಳನ್ನು ಪರೀಕ್ಷೆಗಷ್ಟೇ ಓದಿ ಬಿಡಬಾರದು, ಎಲೆಕ್ಟ್ರಾನಿಕ್ಸ್‌ನವರು ಸಿಗ್ನಲ್ ಪ್ರೊಸೆಸಿಂಗ್ ಗಟ್ಟಿ ಮಾಡಿಕೊಳ್ಳಬೇಕು. ಐಟಿಐ ಓದಿದವರಿಗೆ ಹಡಗುಕಟ್ಟೆಗಳು ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್ ಅಪ್ರೆಂಟಿಸ್ ಹುದ್ದೆಗಳಿಗೆ ಅರ್ಜಿ ಕರೆಯುತ್ತವೆ. ಕೊಚ್ಚಿ, ಮಜಗಾಂವ್, ಗಾರ್ಡನ್ ರೀಚ್ ಸಂಸ್ಥೆಗಳ ಜಾಲತಾಣಗಳಲ್ಲಿ ಆ ಪ್ರಕಟಣೆಗಳು ಬರುತ್ತವೆ, ಅರ್ಜಿ ಹಾಕಲು ಕಡಲತೀರದವರೇ ಆಗಿರಬೇಕು ಎಂಬ ನಿಯಮವಿಲ್ಲ.